ಟಾಂಗ್ ಹಳ್ಳಿಯ ಮೀನುಗಾರ ದಂಪತಿ, ಅವರ ಹತ್ತು ಮಕ್ಕಳು: ಬನ್ನಿ, ಮಾತಾಡೋಣ

ಚರ್ಚೆ ಶುರು ಮಾಡಿದವರು

ಈ ಗುಂಪಿನಲ್ಲಿ ವಂಶಾವಳಿ ಹುಡುಕುವವರು ಜಾಸ್ತಿ ಇದ್ದೀರಿ, ಅದಕ್ಕೇ ಇಲ್ಲಿ ಹಾಕುತ್ತಿದ್ದೇನೆ. ಸ್ಕಾಟ್ಲೆಂಡಿನ ವಾಯವ್ಯಕ್ಕೆ ಲೂಯಿಸ್ ಅಂತ ಒಂದು ದ್ವೀಪ. ಅದರ ಮುಖ್ಯ ಪಟ್ಟಣ ಸ್ಟಾರ್ನೊವೇ. ಅಲ್ಲಿಂದ ಸುಮಾರು ಮೂರು ಮೈಲಿ ಹೋದರೆ ಟಾಂಗ್ ಹಳ್ಳಿ. ಅಲ್ಲಿನ ಐದನೇ ನಂಬರಿನ ಹಿಡುವಳಿಯಲ್ಲಿ ಮಾಲ್ಕಮ್ ಮೆಕ್ಲೌಡ್ ಮತ್ತು ಮೇರಿ ಸ್ಮಿತ್ ಎಂಬ ದಂಪತಿ ಸಂಸಾರ ಮಾಡಿದರು. ಮಾಲ್ಕಮ್ ಹುಟ್ಟಿದ್ದು 1866ರಲ್ಲಿ, ಮೇರಿ 1867ರಲ್ಲಿ. ಮಾಲ್ಕಮ್‌ಗೆ ಮೀನುಗಾರಿಕೆ, ತುಂಡು ಜಮೀನಿನ ಬೇಸಾಯ ಎರಡೂ ಇತ್ತು. ಜೊತೆಗೆ ಮಕ್ಕಳು ಶಾಲೆ ತಪ್ಪಿಸದ ಹಾಗೆ ನೋಡಿಕೊಳ್ಳುವ ಹಾಜರಿ ಅಧಿಕಾರಿಯ ಕೆಲಸವೂ ಇತ್ತು. ಇವರಿಗೆ ಹತ್ತು ಮಕ್ಕಳು. ಕೊನೆಯವಳು ಮೇರಿ ಆನ್, ಹುಟ್ಟಿದ್ದು 1912ರ ಮೇ 10ರಂದು. ಆಗ ತಾಯಿಗೆ ಹತ್ತಿರ ಹತ್ತಿರ 45.

ಈ ಮೇರಿ ಆನ್ ಅವರ ಮಗನೇ ಡೊನಾಲ್ಡ್ ಟ್ರಂಪ್.

ಹೆಸರು ಕೇಳಿದ ತಕ್ಷಣ ಎಲ್ಲರೂ ಆ ಮಗನ ರಾಜಕೀಯಕ್ಕೆ ಹೋಗಿಬಿಡುತ್ತಾರೆ. ದಯವಿಟ್ಟು ಇಲ್ಲಿ ಅದು ಬೇಡ. ನನಗೆ ಮಾತಾಡಬೇಕಾಗಿರುವುದು ಟಾಂಗ್‌ನ ಆ ಇಬ್ಬರ ಬಗ್ಗೆ, ಅದರಲ್ಲೂ ಅಜ್ಜಿ ಮೇರಿ ಸ್ಮಿತ್ ಬಗ್ಗೆ. ಈ ಕುಟುಂಬದ ಬಗ್ಗೆ ಬರೆಯುವವರೆಲ್ಲ ಅಜ್ಜಿಯನ್ನು ಒಂದು ಸಾಲಿನಲ್ಲಿ ಮುಗಿಸುತ್ತಾರೆ. ನಿಜ ಹೇಳಬೇಕೆಂದರೆ ಕಥೆ ಪೂರ್ತಿ ಇರುವುದೇ ಅವರಲ್ಲಿ. ಅವರ ಅಪ್ಪ ಡೊನಾಲ್ಡ್ ಸ್ಮಿತ್ ಕೂಡ ಮೀನುಗಾರ. 1868ರಲ್ಲಿ ಟಾಂಗ್ ಎದುರಿನ ಬ್ರಾಡ್ ಬೇ ಕೊಲ್ಲಿಯಲ್ಲಿ ಗಾಳಿಗೆ ದೋಣಿ ಮಗುಚಿ ಮುಳುಗಿ ಸತ್ತರು. ಮೇರಿ ಆಗ ಒಂದು ವರ್ಷದ ಕೂಸು. ಅಪ್ಪನನ್ನು ನುಂಗಿದ ಕೊಲ್ಲಿಯ ದಡದಲ್ಲೇ ಬೆಳೆದು, ದೊಡ್ಡವಳಾಗಿ ಮತ್ತೆ ದೋಣಿ ಹತ್ತುವವನನ್ನೇ ಮದುವೆಯಾಗಿ, ಹತ್ತು ಮಕ್ಕಳನ್ನು ಹೆತ್ತು, ಕಡೆಗೆ 1963ರಲ್ಲಿ 96ನೇ ವಯಸ್ಸಿನಲ್ಲಿ ತೀರಿಕೊಂಡರು.

ಸ್ಕಾಟ್ಲೆಂಡಿನ ದಾಖಲೆ ನೋಡಿ ಗೊತ್ತಿರುವವರು, ಕಡಲಿನ ಕೆಲಸ ಗೊತ್ತಿರುವವರು, ನಿಮಗೆ ತಿಳಿದಿದ್ದು ಹೇಳಿ.

ಕುಂದಾಪುರದಿಂದ

ಒಳ್ಳೆ ವಿಷಯ ಎತ್ತಿದ್ದೀರಿ ಸರ್. ನಮ್ಮದು ಮೀನುಗಾರಿಕೆಯ ಮನೆ, ಆದ್ದರಿಂದ ಒಂದು ಪ್ರಶ್ನೆ. ಮೀನೂ ಹಿಡಿಯುತ್ತಿದ್ದರು, ಬೇಸಾಯವೂ ಇತ್ತು, ಮೇಲೆ ಸರ್ಕಾರದ ಸಣ್ಣ ಕೆಲಸ. ಹಾಗಿದ್ದರೆ ಅನುಕೂಲಸ್ಥರೇ ಅಲ್ವಾ? ಮಕ್ಕಳು ಯಾಕೆ ಊರು ಬಿಟ್ಟು ಅಮೆರಿಕಕ್ಕೆ ಹೋಗಬೇಕಾಯಿತು?

ಚರ್ಚೆ ಶುರು ಮಾಡಿದವರು

ಒಂದರಿಂದ ಹೊಟ್ಟೆ ತುಂಬುತ್ತಿರಲಿಲ್ಲ, ಅದಕ್ಕೇ ಮೂರು ಕೆಲಸ. ಅಲ್ಲಿ ಒಂದೊಂದು ಮನೆಗೆ ಸಿಗುತ್ತಿದ್ದುದು ಗೇಣಿಯ ಒಂದು ತುಂಡು ನೆಲ, ಅದಕ್ಕೆ ಕ್ರಾಫ್ಟ್ ಅಂತಾರೆ. ಸ್ವಲ್ಪ ಆಲೂಗಡ್ಡೆ, ಓಟ್ಸ್, ಬಾರ್ಲಿ, ಒಂದೆರಡು ಹಸು, ಗುಡ್ಡದ ಮೇಲೆ ಕುರಿ. ಉರುವಲಿಗೆ ಮರವೇ ಇಲ್ಲ. ಜೌಗು ನೆಲದಿಂದ ಪೀಟ್ ಎಂಬ ಕಪ್ಪು ಮಣ್ಣಿನ ಹೆಂಟೆ ಕೊಯ್ದು ಒಣಗಿಸಿ ಬೆನ್ನ ಮೇಲೆ ಹೊತ್ತು ತರಬೇಕು, ಅದನ್ನು ಹೊರುತ್ತಿದ್ದುದು ಹೆಚ್ಚಾಗಿ ಹೆಂಗಸರು. ಇಂಥ ನೆಲದಿಂದ ಹನ್ನೆರಡು ಜನರ ಮನೆ ನಡೆಯುವುದಿಲ್ಲ. ಹಾಗಾಗಿ ಕಡಲು.

ಆ ತುಂಡು ನೆಲದ ಮೇಲೂ ಮೊದಲು ಹಕ್ಕಿರಲಿಲ್ಲ. ಜಮೀನ್ದಾರನಿಗೆ ಮನಸ್ಸು ಬಂದರೆ ಒಕ್ಕಲೆಬ್ಬಿಸಬಹುದಿತ್ತು. 1886ರ ಕ್ರಾಫ್ಟರ್ ಕಾಯ್ದೆ ಬಂದ ಮೇಲೆ ಅದು ನಿಂತಿತು, ನ್ಯಾಯವಾದ ಗೇಣಿ ನಿಗದಿಯಾಯಿತು, ಹಿಡುವಳಿ ಮನೆಯವರಿಗೇ ಉಳಿಯುವ ಹಾಗಾಯಿತು. ಆಗ ಮಾಲ್ಕಮ್‌ಗೆ 20ರ ಆಸುಪಾಸು. ಅವರ ಪೀಳಿಗೆಗೆ ನೆಲ ಉಳಿಯಿತು, ಸರಿ. ಆದರೆ ಒಂದು ಹಿಡುವಳಿ ಒಬ್ಬ ವಾರಸುದಾರನಿಗೆ. ಹತ್ತು ಮಕ್ಕಳಲ್ಲಿ ಒಂಬತ್ತು ಜನ ಎಲ್ಲಿಗೆ ಹೋಗಬೇಕು?

ಮೈಸೂರಿನಿಂದ

ನಡುವೆ ಬಾಯಿ ಹಾಕುತ್ತಿದ್ದೇನೆ, ವಿಷಯಕ್ಕೆ ಸಂಬಂಧ ಇದೆ. ಲೂಯಿಸ್ ದ್ವೀಪ ನಮಗೆ ಪೂರ್ತಿ ಅಪರಿಚಿತ ಅಲ್ಲ. ಟಿಪ್ಪು ತೀರಿಕೊಂಡ ಮೇಲೆ 1799ರಿಂದ ಮೈಸೂರು ಸೀಮೆಯ ಸರ್ವೆ ಮಾಡಿದ ಕಾಲಿನ್ ಮೆಕೆಂಜಿ ಹುಟ್ಟಿದ್ದು ಸ್ಟಾರ್ನೊವೇಯಲ್ಲಿ, 1754ರ ಸುಮಾರಿಗೆ. ಇತಿಹಾಸ ಓದಿದವರಿಗೆಲ್ಲ ಕೈಫಿಯತ್ತುಗಳು ಅಂದರೆ ಗೊತ್ತು. ನಮ್ಮ ಊರು ಊರಿನ ಶಾಸನ, ಕಥೆ, ಲೆಕ್ಕಪತ್ರ ಸಂಗ್ರಹಿಸಿದ ಮನುಷ್ಯ. ಮುಂದೆ 1815ರಲ್ಲಿ ಇಡೀ ಭಾರತದ ಮೊದಲ ಸರ್ವೇಯರ್ ಜನರಲ್ ಆದರು. ನಮ್ಮ ಹಳ್ಳಿಗಳ ವಂಶಾವಳಿ ಬರೆಸಿದವರ ಊರಿನ ಪಕ್ಕದ ಹಳ್ಳಿಯ ವಂಶಾವಳಿಯನ್ನು ನಾವೀಗ ಕನ್ನಡದಲ್ಲಿ ಮಾತಾಡುತ್ತಿದ್ದೇವೆ ಅಂದರೆ ಖುಷಿಯಾಗುತ್ತದೆ.

ಇನ್ನೊಂದು ಕೊಂಡಿ ಅಷ್ಟು ಖುಷಿಯದ್ದಲ್ಲ. 1844ರಲ್ಲಿ ಇಡೀ ಲೂಯಿಸ್ ದ್ವೀಪವನ್ನು ಕೊಂಡವನು ಜೇಮ್ಸ್ ಮ್ಯಾಥೆಸನ್. ದುಡ್ಡು ಬಂದಿದ್ದು ಚೀನಾಕ್ಕೆ ಅಫೀಮು ಮಾರಿ. ಆ ಅಫೀಮು ಬೆಳೆದಿದ್ದು ನಮ್ಮ ದೇಶದಲ್ಲೇ. 1851ರಿಂದ 1855ರ ಒಳಗೆ ಅವನ ಎಸ್ಟೇಟು ಎರಡು ಸಾವಿರಕ್ಕೂ ಹೆಚ್ಚು ಜನರನ್ನು ಹಡಗು ಹತ್ತಿಸಿ ಕೆನಡಾಕ್ಕೆ ಕಳಿಸಿತು. ಗೇಣಿ ಬಾಕಿ ಇದ್ದವರಿಗೆ ಹೋಗದೆ ಬೇರೆ ದಾರಿ ಇರಲಿಲ್ಲ. ಮಾಲ್ಕಮ್, ಮೇರಿ ಇಬ್ಬರೂ ಹುಟ್ಟಿದ್ದು ಅದಾದ ಹತ್ತು ಹದಿನೈದು ವರ್ಷಕ್ಕೆ, ಅವನದೇ ಒಡೆತನದ ಕಾಲದಲ್ಲಿ. ಊರು ಬಿಡುವುದು ಅಂದರೇನು ಅಂತ ಆ ಮಕ್ಕಳಿಗೆ ಮನೆಯವರ ಬಾಯಲ್ಲೇ ಕೇಳಿ ಗೊತ್ತಿದ್ದಿರಬೇಕು.

ಎಡಿನ್‌ಬರಾದಿಂದ

ನಾನು ಇಲ್ಲಿನ ಸಾರ್ವಜನಿಕ ದಾಖಲೆಗಳನ್ನು ಆಗಾಗ ನೋಡುತ್ತಿರುತ್ತೇನೆ, ಆದ್ದರಿಂದ ಅದರ ಬಗ್ಗೆ ಸ್ವಲ್ಪ ಉದ್ದಕ್ಕೇ ಬರೆಯುತ್ತೇನೆ.

ಸ್ಕಾಟ್ಲೆಂಡಿನಲ್ಲಿ ಜನನ, ಮರಣ, ಮದುವೆ ಕಡ್ಡಾಯವಾಗಿ ನೋಂದಾಯಿಸುವುದು ಶುರುವಾಗಿದ್ದು 1855ರ ಜನವರಿ 1ರಂದು. ಅದಕ್ಕೆ ಮುಂಚಿನದ್ದು ಬೇಕಾದರೆ ಚರ್ಚಿನ ಪುಸ್ತಕಗಳೇ ಗತಿ, ಅವು ದ್ವೀಪಗಳಲ್ಲಿ ತೀರಾ ಅರೆಬರೆ. ನಮ್ಮ ದಂಪತಿ 1866, 67ರಲ್ಲಿ ಹುಟ್ಟಿದ್ದರಿಂದ ಬಚಾವ್. ಸ್ಕಾಟ್ಲೆಂಡ್ಸ್ ಪೀಪಲ್ ಎಂಬ ಸರ್ಕಾರಿ ಜಾಲತಾಣದಲ್ಲಿ ಜನನ 100 ವರ್ಷ, ಮದುವೆ 75 ವರ್ಷ, ಮರಣ 50 ವರ್ಷ ಹಳೆಯದಾಗಿದ್ದರೆ ಮೂಲ ಪುಟದ ಚಿತ್ರವೇ ನೋಡಬಹುದು. ಅಂದರೆ ಮೇರಿ ಆನ್ ಅವರ 1912ರ ಜನನ, ಮಾಲ್ಕಮ್ ಅವರ 1954ರ ಮರಣ, ಮೇರಿ ಸ್ಮಿತ್ ಅವರ 1963ರ ಮರಣ ಎಲ್ಲವೂ ಸಿಗುವ ಕಾಲಾವಧಿಯಲ್ಲೇ ಇವೆ.

ಈ ದಾಖಲೆಗಳಲ್ಲಿ ನನಗೆ ತುಂಬಾ ಇಷ್ಟವಾಗುವುದು ಹೆಂಗಸರ ಲೆಕ್ಕ. ಇಲ್ಲಿ ಹೆಣ್ಣುಮಕ್ಕಳ ತವರಿನ ಹೆಸರು ಕಳೆದುಹೋಗುವುದಿಲ್ಲ. ಮರಣದ ನಮೂದಿನಲ್ಲೂ ಸತ್ತವರ ತಂದೆ ಹೆಸರು, ತಾಯಿ ಹೆಸರು, ತಾಯಿಯ ತವರಿನ ಅಡ್ಡಹೆಸರು ಬರೆಯುತ್ತಾರೆ. ಅದಕ್ಕೇ ಮೇರಿ ಸ್ಮಿತ್ ಅಂತಲೇ ಇವತ್ತಿಗೂ ನಮಗೆ ಗೊತ್ತು, ಬರೀ ಮಿಸೆಸ್ ಮೆಕ್ಲೌಡ್ ಅಲ್ಲ. ಅವರ ತಾಯಿ ಮೇರಿ ಮೆಕಾಲೆ ಅನ್ನುವುದೂ ಹೀಗೇ ಉಳಿದಿದೆ. ಮೇರಿ ಮೆಕಾಲೆ, ಮೇರಿ ಸ್ಮಿತ್, ಮೇರಿ ಆನ್ ಮೆಕ್ಲೌಡ್, ಆಮೇಲೆ ನ್ಯೂಯಾರ್ಕ್‌ನಲ್ಲಿ ಹುಟ್ಟಿದ ಮೊಮ್ಮಗಳು ಮೇರಿಯಾನ್. ನಾಲ್ಕು ತಲೆಮಾರು ಒಂದೇ ಹೆಸರು. ಹಿರಿಯರ ಹೆಸರು ಮಕ್ಕಳಿಗೆ ಇಡುವ ಪದ್ಧತಿ ಅಲ್ಲಿ ಗಟ್ಟಿ: ಮೊದಲ ಮಗನಿಗೆ ಅಪ್ಪನ ಅಪ್ಪನ ಹೆಸರು, ಮೊದಲ ಮಗಳಿಗೆ ಅಮ್ಮನ ಅಮ್ಮನ ಹೆಸರು, ಹೀಗೆ. ಎಲ್ಲರೂ ಅದನ್ನೇ ಪಾಲಿಸಿದರು ಅಂತ ನಂಬಿ ಕೂರಬೇಡಿ, ಆದರೆ ಹುಡುಕುವಾಗ ಒಳ್ಳೆಯ ಸುಳಿವು.

ಇನ್ನು 1911ರ ಜನಗಣತಿ. ಅದರಲ್ಲಿ ಮದುವೆಯಾದ ಹೆಂಗಸರನ್ನು ಮೂರು ವಿಷಯ ಕೇಳಿದ್ದರು. ಮದುವೆಯಾಗಿ ಎಷ್ಟು ವರ್ಷ ಆಯಿತು, ಜೀವಂತ ಹುಟ್ಟಿದ ಮಕ್ಕಳು ಎಷ್ಟು, ಈಗ ಬದುಕಿರುವವರು ಎಷ್ಟು. ಒಂದರ ಪಕ್ಕ ಒಂದು, ಚಿಕ್ಕ ಚಿಕ್ಕ ಅಂಕಣ. ಮೀನುಗಾರರ ಊರಿನ ಪುಟ ತೆಗೆದು ಕೊನೆಯ ಎರಡು ಅಂಕಣ ಮಾತ್ರ ಮೇಲಿಂದ ಕೆಳಗೆ ಓದಿ. ಎಂಟು, ಐದು. ಹನ್ನೊಂದು, ಏಳು. ಬೇರೆ ಏನೂ ಬರೆದಿಲ್ಲ ಅಲ್ಲಿ, ಆದರೂ ಮುಂದಿನ ಪುಟಕ್ಕೆ ಹೋಗಲು ಕೈ ಬರುವುದಿಲ್ಲ. ಅದೇ ಪುಟದಲ್ಲಿ ಗೇಲಿಕ್ ಮಾತ್ರ ಬರುತ್ತದೋ, ಇಂಗ್ಲಿಷೂ ಬರುತ್ತದೋ ಅನ್ನುವ ಅಂಕಣವೂ ಇದೆ. ಮೇರಿ ಆನ್ ಮನೆಮಾತು ಗೇಲಿಕ್, ಇಂಗ್ಲಿಷ್ ಕಲಿತಿದ್ದು ಟಾಂಗ್ ಶಾಲೆಯಲ್ಲಿ.

ಧಾರವಾಡದಿಂದ

ಮುಳುಗಿ ಸತ್ತವರ ದಾಖಲೆ ಹೆಂಗ ಸಿಗತದರೀ? ಡೊನಾಲ್ಡ್ ಸ್ಮಿತ್ ಅವರದ್ದು ಅಂಥ ಸಾವು ಅಂತ ಹೇಳಿದ್ರಲ್ಲ.

ಎಡಿನ್‌ಬರಾದಿಂದ

ಇದು ಕಷ್ಟದ ಭಾಗ. ಹೆಣ ಸಿಕ್ಕಿದರೆ ನೋಂದಣಿ ಆಗುತ್ತದೆ, ಅಪಘಾತವಾದ್ದರಿಂದ ಸರ್ಕಾರಿ ವಕೀಲರ ವಿಚಾರಣೆ ನಡೆದು ತಿದ್ದುಪಡಿ ಪುಸ್ತಕದಲ್ಲಿ ಇನ್ನೊಂದು ನಮೂದು ಕೂಡ ಇರಬಹುದು, ಅದನ್ನು ನೋಡುವುದನ್ನು ಮರೆಯಬೇಡಿ. ಹೆಣ ಸಿಗದಿದ್ದರೆ ಎಷ್ಟೋ ಸಲ ಸಾವಿನ ಪುಸ್ತಕದಲ್ಲಿ ಏನೂ ಇರುವುದಿಲ್ಲ. ಆಗ ಮುಂದಿನ ಜನಗಣತಿಯಲ್ಲಿ ಹೆಂಡತಿಯ ಹೆಸರಿನ ಮುಂದೆ ವಿಧವೆ ಅಂತ ಬರೆದಿದೆಯಾ ನೋಡಬೇಕು. ಊರಿನ ಸಮಾಧಿ ಕಲ್ಲುಗಳನ್ನು ನೋಡಬೇಕು. ದ್ವೀಪದಲ್ಲಿ ಊರೂರಿಗೆ ಇತಿಹಾಸ ಸಂಘಗಳಿವೆ, ಅವರು ಮನೆ ಮನೆಯ ನೆನಪು ಬರೆದಿಟ್ಟಿದ್ದಾರೆ. ಪಕ್ಕದ ಹ್ಯಾರಿಸ್‌ನಲ್ಲಿ ಬಿಲ್ ಲಾಸನ್ ಎಂಬುವರು ಹಿಡುವಳಿ ಹಿಡುವಳಿಯಾಗಿ ಕುಟುಂಬಗಳ ಚರಿತ್ರೆ ಕಟ್ಟಿದ್ದಾರೆ. ಇಡೀ ಹಳ್ಳಿ ಮೆಕ್ಲೌಡ್‌ಗಳೇ ತುಂಬಿರುವ ಕಡೆ ಅಂಥ ಕೆಲಸ ಇಲ್ಲದಿದ್ದರೆ ನಾವು ಯಾರದೋ ಅಜ್ಜನನ್ನು ನಮ್ಮ ಅಜ್ಜ ಅಂದುಕೊಂಡುಬಿಡುತ್ತೇವೆ. ಮಾಲ್ಕಮ್ ಅವರ ಅಪ್ಪ ಅಲೆಕ್ಸಾಂಡರ್ ಮೆಕ್ಲೌಡ್, ತಾಯಿ ಆನ್, ಅವರ ತವರಿನ ಹೆಸರೂ ಮೆಕ್ಲೌಡ್! ಹಿಡುವಳಿ ನಂಬರ್ ಹಿಡಿದುಕೊಂಡೇ ಹೋಗಬೇಕು, ಹೆಸರು ಹಿಡಿದು ಹೋದರೆ ದಾರಿ ತಪ್ಪುವುದು ಖಂಡಿತ.

ಕುಂದಾಪುರದಿಂದ

ಹೆಂಗಸರು ಮೀನಿನ ಕೆಲಸದಲ್ಲಿ ಏನು ಮಾಡುತ್ತಿದ್ದರು? ನಮ್ಮ ಕಡೆ ಗಂಡಸರು ಹಿಡಿದು ತಂದ ಮೇಲೆ ಮಾರುವುದು, ಒಣಗಿಸುವುದು, ದುಡ್ಡಿನ ವ್ಯವಹಾರ ಎಲ್ಲ ಹೆಂಗಸರದ್ದೇ.

ಚರ್ಚೆ ಶುರು ಮಾಡಿದವರು

ಅಲ್ಲೂ ಅವರಿಲ್ಲದೆ ಏನೂ ನಡೆಯುತ್ತಿರಲಿಲ್ಲ. ಪೂರ್ವ ಕರಾವಳಿಯ ಊರುಗಳಲ್ಲಿ ಗಾಳದ ಹಗ್ಗಕ್ಕೆ ನೂರಾರು ಕೊಕ್ಕೆ ಇರುತ್ತಿದ್ದವು. ಒಂದೊಂದಕ್ಕೂ ಚಿಪ್ಪು ಬಿಡಿಸಿ ಮರುವಾಯಿ ಥರದ ಮಾಂಸ ಸಿಕ್ಕಿಸಿ, ಹಗ್ಗ ಗೋಜಲಾಗದ ಹಾಗೆ ಬುಟ್ಟಿಯಲ್ಲಿ ಸುತ್ತಿಡುವುದು ಹೆಂಡತಿ ಮಕ್ಕಳ ಕೆಲಸ. ಮರುದಿನ ಮತ್ತೆ ಅದೇ. ಗಂಡನ ಕಾಲು ಒದ್ದೆಯಾಗಿ ಇಡೀ ದಿನ ಚಳಿಯಲ್ಲಿ ನಡುಗಬಾರದು ಅಂತ ಸೊಂಟದ ಮಟ್ಟದ ನೀರಿನಲ್ಲಿ ಅವನನ್ನು ಬೆನ್ನ ಮೇಲೆ ಹೊತ್ತು ದೋಣಿಗೆ ಏರಿಸುತ್ತಿದ್ದರು.

ಲೂಯಿಸ್‌ನ ಹುಡುಗಿಯರು ಹೆಚ್ಚಾಗಿ ಹೋಗುತ್ತಿದ್ದುದು ಹೆರಿಂಗ್ ಕೆಲಸಕ್ಕೆ. ಹೆರಿಂಗ್ ಅಂದರೆ ನಿಮ್ಮ ಬೂತಾಯಿಯ ಕುಲದ್ದೇ ಮೀನು. ಮೂರು ಜನರ ಒಂದು ತಂಡ. ಇಬ್ಬರು ಗಿಡ್ಡ ಚಾಕುವಿನಿಂದ ಹೊಟ್ಟೆ ಸೀಳಿ ಕರುಳು ತೆಗೆಯುವವರು, ಒಬ್ಬಳು ಪೀಪಾಯಿಯಲ್ಲಿ ಒಂದು ಸಾಲು ಮೀನು, ಒಂದು ಸಾಲು ಉಪ್ಪು ಹಾಕಿ ಜೋಡಿಸುವವಳು. ವ್ಯಾಪಾರಿ ಮುಂಗಡ ಕೊಟ್ಟು ಇಡೀ ಸೀಸನ್‌ಗೆ ಮಾತು ಕಟ್ಟಿಕೊಳ್ಳುತ್ತಿದ್ದ. ಮೀನಿನ ಹಿಂಡು ಎಲ್ಲಿ ಹೋಗುತ್ತದೋ ಇವರೂ ಅಲ್ಲಿಗೆ: ಸ್ಟಾರ್ನೊವೇ, ಶೆಟ್‌ಲ್ಯಾಂಡಿನ ಲೆರ್ವಿಕ್, ಪೀಟರ್‌ಹೆಡ್, ಕೊನೆಗೆ ಇಂಗ್ಲೆಂಡಿನ ಯಾರ್ಮತ್. ಚಾಕು ತಾಗಿದ ಗಾಯಕ್ಕೆ ಉಪ್ಪು ಬೀಳಬಾರದು ಅಂತ ಬೆರಳು ಬೆರಳಿಗೆ ಬಟ್ಟೆ ಸುತ್ತಿ ದಾರ ಕಟ್ಟಿಕೊಳ್ಳುತ್ತಿದ್ದರು. ಬಿಡುವಾದರೆ ಕೈಯಲ್ಲಿ ನಿಟ್ಟಿಂಗ್.

ಆ ಉಪ್ಪು ಮೀನನ್ನು ಕೊಳ್ಳುತ್ತಿದ್ದವರು ಜರ್ಮನಿ, ರಷ್ಯಾ ಕಡೆಯವರು. 1914ರ ಯುದ್ಧ ಬಂತು, ಆ ಬಾಗಿಲು ಮುಚ್ಚಿತು. ಯುದ್ಧ ಮುಗಿದ ಮೇಲೂ ಮೊದಲಿನ ಹಾಗೆ ತೆರೆಯಲೇ ಇಲ್ಲ. ಒಂದು ಇಡೀ ತಲೆಮಾರಿನ ಹೆಣ್ಣುಮಕ್ಕಳ ಸಂಪಾದನೆ ಹೋಯಿತು. ಅವರೆಲ್ಲ ಮನೆಕೆಲಸ ಹುಡುಕಿಕೊಂಡು ಗ್ಲಾಸ್ಗೋ, ಅಲ್ಲಿಂದ ಮುಂದೆ ಕೆನಡಾ, ಅಮೆರಿಕ ಅಂತ ಹೊರಟಿದ್ದಕ್ಕೆ ಇದೂ ಒಂದು ದೊಡ್ಡ ಕಾರಣ ಅಂತ ನನ್ನ ಅಭಿಪ್ರಾಯ.

ಗ್ಲಾಸ್ಗೋದಿಂದ

ಯುದ್ಧದ ವಿಷಯ ಬಂದಿದ್ದರಿಂದ ಇದನ್ನು ಹೇಳಲೇಬೇಕು. ಲೂಯಿಸ್‌ನ ಜನಸಂಖ್ಯೆ ಆಗ ಸುಮಾರು 29,000. ಅದರಲ್ಲಿ ಆರು ಸಾವಿರಕ್ಕೂ ಹೆಚ್ಚು ಜನ ಯುದ್ಧಕ್ಕೆ ಹೋದರು, ಸಾವಿರಕ್ಕೂ ಹೆಚ್ಚು ಜನ ಸತ್ತರು. ಮೀನುಗಾರರಾದ್ದರಿಂದ ತುಂಬಾ ಜನ ನೌಕಾಪಡೆಯ ಮೀಸಲು ದಳದಲ್ಲಿದ್ದರು. ಯುದ್ಧ ಮುಗಿಯಿತು, ಬದುಕಿ ಉಳಿದವರು 1918ರ ಡಿಸೆಂಬರ್ 31ರ ರಾತ್ರಿ ಅಯೊಲೇರ್ ಎಂಬ ಹಡಗಿನಲ್ಲಿ ಊರಿಗೆ ಹೊರಟರು. ಹೊಸ ವರ್ಷದ ಬೆಳಗಿನ ಜಾವ, ಸ್ಟಾರ್ನೊವೇ ಬಂದರಿನ ಬಾಯಲ್ಲೇ, ಬೀಸ್ಟ್ಸ್ ಆಫ್ ಹೋಮ್ ಎಂಬ ಬಂಡೆಗೆ ಹಡಗು ಬಡಿಯಿತು. ದಡ ಕೂಗಳತೆ ಕೂಡ ಇರಲಿಲ್ಲ, ಇನ್ನೂ ಹತ್ತಿರ. 201 ಜನ ಸತ್ತರು. ಜಾನ್ ಎಫ್. ಮೆಕ್ಲೌಡ್ ಎಂಬಾತ ಹಗ್ಗ ಹಿಡಿದು ಈಜಿ ದಡ ಸೇರಿದರು, ಆ ಹಗ್ಗ ಹಿಡಿದುಕೊಂಡು ಸುಮಾರು 40 ಜನ ಬದುಕಿದರು. ಮನೆಗಳಲ್ಲಿ ಊಟ ಬಿಸಿ ಮಾಡಿ, ಬಟ್ಟೆ ಬೆಂಕಿಯ ಹತ್ತಿರ ಹರಡಿ ಕಾಯುತ್ತಿದ್ದರು.

ಮೇರಿ ಆನ್ ಆಗ ಆರು ವರ್ಷದ ಹುಡುಗಿ, ಮೂರೇ ಮೈಲಿ ಆಚೆ. ದ್ವೀಪದ ಜನ ಎಷ್ಟೋ ವರ್ಷ ಈ ಬಗ್ಗೆ ಬಾಯಿ ಬಿಡಲಿಲ್ಲ. ಇನ್ನೊಬ್ಬ ಲಾರ್ಡ್ ಲೆವರ್‌ಹ್ಯೂಮ್, ಸಾಬೂನಿನ ಸಾಹುಕಾರ, ಹಡಗು ಮುಳುಗುವ ಮೊದಲೇ 1918ರಲ್ಲಿ ದ್ವೀಪ ಕೊಂಡು ದೊಡ್ಡ ಮೀನಿನ ಕಾರ್ಖಾನೆ ಮಾಡುತ್ತೇನೆ ಅಂದ. ಯುದ್ಧದಿಂದ ಬಂದವರಿಗೆ ಕಾರ್ಖಾನೆ ಬೇಕಿರಲಿಲ್ಲ, ಕೊಡುತ್ತೇವೆ ಅಂದಿದ್ದ ನೆಲ ಬೇಕಿತ್ತು. ಟಾಂಗ್‌ಗೆ ಹತ್ತಿರದ ಕೋಲ್, ಗ್ರೆಸ್ ಫಾರ್ಮ್‌ಗಳಿಗೆ ನುಗ್ಗಿ ಗಡಿ ಗುರುತು ಹಾಕಿಕೊಂಡರು. ಅವನು 1923ರಲ್ಲಿ ಲೂಯಿಸ್ ಕೈಬಿಟ್ಟ. ಅದೇ ವರ್ಷ ಏಪ್ರಿಲ್‌ನಲ್ಲಿ ಮೆಟಗಾಮಾ ಹಡಗು ಸುಮಾರು 300 ಜನರನ್ನು ಸ್ಟಾರ್ನೊವೇಯಿಂದ ಕೆನಡಾಕ್ಕೆ ಒಯ್ದಿತು, ಬಹುತೇಕ ಎಲ್ಲರೂ ಇಪ್ಪತ್ತರ ಹರೆಯದವರು.

ಚರ್ಚೆ ಶುರು ಮಾಡಿದವರು

ಇದನ್ನು ಓದಿದ ಮೇಲೆ ಮುಂದಿನದ್ದು ಅರ್ಥವಾಗುವುದು ಸುಲಭ. ಮೆಕ್ಲೌಡ್ ಮನೆಯ ಅಕ್ಕಂದಿರು ಒಬ್ಬರ ಹಿಂದೆ ಒಬ್ಬರು ನ್ಯೂಯಾರ್ಕ್ ಸೇರಿದ್ದರು. ಕಿರಿಯವಳು ಮೇರಿ ಆನ್ 1930ರ ಮೇ 2ರಂದು ಗ್ಲಾಸ್ಗೋದಲ್ಲಿ ಟ್ರಾನ್ಸಿಲ್ವೇನಿಯಾ ಹಡಗು ಹತ್ತಿ, ಮೇ 11ರಂದು ನ್ಯೂಯಾರ್ಕ್‌ನಲ್ಲಿ ಇಳಿದಳು. ಹಿಂದಿನ ದಿನವಷ್ಟೇ 18 ತುಂಬಿತ್ತು, ಅದೂ ನಡುಗಡಲಿನಲ್ಲಿ. ಹಡಗಿನ ಪಟ್ಟಿಯಲ್ಲಿ ಉದ್ಯೋಗ ಮನೆಕೆಲಸ, ಕೈಯಲ್ಲಿ 50 ಡಾಲರ್, ಹೋಗುವುದು ಅಕ್ಕ ಕ್ಯಾಥರೀನ್ ಮನೆಗೆ, ನ್ಯೂಯಾರ್ಕಿನದೇ ಬಡಾವಣೆ ಆಸ್ಟೋರಿಯಾ. 1924ರ ಕಾನೂನಿನ ನಂತರ ಅಮೆರಿಕ ದೇಶ ದೇಶಕ್ಕೆ ಕೋಟಾ ಕಟ್ಟಿತ್ತು. ಬ್ರಿಟನ್ನಿಗೆ ಮಾತ್ರ ವರ್ಷಕ್ಕೆ 65,000ಕ್ಕೂ ಹೆಚ್ಚು ಜಾಗ, ಎಲ್ಲರಿಗಿಂತ ಜಾಸ್ತಿ. ಅದೇ ಹೊತ್ತಿನಲ್ಲಿ ಇಟಲಿಯ ಮೀನುಗಾರನ ಮಗಳಿಗೆ ಇಷ್ಟು ಸಲೀಸಾಗಿ ಬಾಗಿಲು ತೆರೆಯುತ್ತಿರಲಿಲ್ಲ.

ಶ್ರೀಮಂತರ ಮನೆಗಳಲ್ಲಿ ಕೆಲಸ ಮಾಡಿದಳು, 1934ರಲ್ಲಿ ಒಮ್ಮೆ ಊರಿಗೆ ಬಂದು ಹೋದಳು, 1936ರ ಜನವರಿಯಲ್ಲಿ ಜರ್ಮನ್ ವಲಸಿಗರ ಮಗ ಫ್ರೆಡ್ ಟ್ರಂಪ್ ಜೊತೆ ಮದುವೆ. ಐದು ಮಕ್ಕಳು: ಮೇರಿಯಾನ್, ಫ್ರೆಡ್ ಜೂನಿಯರ್, ಎಲಿಜಬೆತ್, ಡೊನಾಲ್ಡ್, ರಾಬರ್ಟ್. 1942ರಲ್ಲಿ ಅಮೆರಿಕದ ಪೌರತ್ವ. 2000ದ ಆಗಸ್ಟ್‌ನಲ್ಲಿ ತೀರಿಕೊಂಡರು. ಇದೆಲ್ಲ ಎಲ್ಲ ಕಡೆ ಇದೆ, ನಾನು ಹೆಚ್ಚು ಎಳೆಯುವುದಿಲ್ಲ.

ನನಗೆ ಮುಖ್ಯ ಅನ್ನಿಸುವುದು ಅವರು ಮತ್ತೆ ಮತ್ತೆ ಟಾಂಗ್‌ಗೆ ಹೋಗುತ್ತಿದ್ದರು, ಅಲ್ಲಿ ಗೇಲಿಕ್‌ನಲ್ಲೇ ಮಾತಾಡುತ್ತಿದ್ದರು ಅನ್ನುವುದು. ಮದುವೆಯಾಗಿ ದೊಡ್ಡ ಮನೆ ಸೇರಿದ ಮಗಳು, ಬಾಯಲ್ಲಿ ಅಮ್ಮನ ಭಾಷೆ ಹಾಗೇ ಇದೆ. ಮೇರಿ ಸ್ಮಿತ್ 1963ರವರೆಗೆ ಬದುಕಿದ್ದರು, ಅಷ್ಟು ಹೊತ್ತಿಗೆ ಮಗಳ ಹಿರಿಯ ಮಗಳು 26ರ ಹೆಂಗಸು. ಅಂದರೆ ಬ್ರಾಡ್ ಬೇಯಲ್ಲಿ 1868ರಲ್ಲಿ ಮುಳುಗಿದವನ ಮಗಳು ಮತ್ತು ಮುಂದೆ ಅಮೆರಿಕದಲ್ಲಿ ಫೆಡರಲ್ ನ್ಯಾಯಾಧೀಶೆಯಾದ ಮೊಮ್ಮಗಳು ಒಂದೇ ಕಾಲದಲ್ಲಿ ಬದುಕಿದ್ದರು. ಇತಿಹಾಸ ದೂರದ್ದು ಅನ್ನುವವರಿಗೆ ನಾನು ಇದನ್ನೇ ತೋರಿಸುತ್ತೇನೆ.

ಧಾರವಾಡದಿಂದ

ಮೊಮ್ಮಗ ಆ ಮನೆಗೆ ಹೋಗಿದ್ದನೇನು?

ಗ್ಲಾಸ್ಗೋದಿಂದ

2008ರ ಜೂನ್‌ನಲ್ಲಿ ಹೋಗಿದ್ದರು, ಅಕ್ಕ ಮೇರಿಯಾನ್ ಜೊತೆಗೆ. ಮನೆಯೊಳಗೆ ಇದ್ದಿದ್ದು ಎರಡು ನಿಮಿಷವೂ ಇಲ್ಲ ಅಂತ ಪತ್ರಿಕೆಗಳು ಬರೆದವು. ಮೇರಿಯಾನ್ ವಿಷಯ ಬೇರೆ. ಅವರಿಗೆ ಆ ಊರಿನ ನಂಟು ಗಟ್ಟಿಯಾಗಿತ್ತು, ಸ್ಟಾರ್ನೊವೇಯ ಬೆಥೆಸ್ಡಾ ಎಂಬ ಆರೈಕೆ ಮನೆಗೆ ದೊಡ್ಡ ದೇಣಿಗೆ ಕೊಟ್ಟಿದ್ದರು. 2023ರಲ್ಲಿ ತೀರಿಕೊಂಡರು.

ಕುಂದಾಪುರದಿಂದ

ಊರಲ್ಲೇ ಉಳಿದ ಮಕ್ಕಳ ಬಗ್ಗೆ ಯಾರೂ ಹೇಳಲಿಲ್ಲವಲ್ಲ. ಹೋದವರ ಕಥೆ ಎಲ್ಲರಿಗೂ ಗೊತ್ತಾಗುತ್ತದೆ, ದೋಣಿ ಮನೆ ನೋಡಿಕೊಂಡು ಉಳಿದವರದ್ದು ಯಾರು ಬರೆಯುತ್ತಾರೆ? ನಮ್ಮ ಮನೆಯಲ್ಲೂ ಮುಂಬೈಗೆ ಹೋದ ದೊಡ್ಡಪ್ಪನ ಕಥೆಯೇ ಎಲ್ಲರ ಬಾಯಲ್ಲಿ.

ಚರ್ಚೆ ಶುರು ಮಾಡಿದವರು

ಸರಿಯಾದ ಮಾತು. ಆ ಮನೆಯಲ್ಲಿ ಈಗಲೂ ನೆಂಟರಿದ್ದಾರೆ. ಅವರು ಸಾಮಾನ್ಯ ಜನ, ಹೆಸರು ಯಾರಾದರೂ ಹುಡುಕಿದರೂ ಇಲ್ಲಿ ಹಾಕಬೇಡಿ. ತೀರಿಕೊಂಡವರ ಬಗ್ಗೆ 1921ರ ಜನಗಣತಿವರೆಗೆ ನೋಡಬಹುದು, ಅದರಲ್ಲಿ ಮೇರಿ ಆನ್‌ಗೆ ಒಂಬತ್ತು ವರ್ಷ.

ಎಡಿನ್‌ಬರಾದಿಂದ

ಅದಕ್ಕೆ ಒಂದು ಸೇರಿಸುತ್ತೇನೆ. ಇಂಗ್ಲೆಂಡಿನ 1931ರ ಜನಗಣತಿ 1942ರ ಬೆಂಕಿಯಲ್ಲಿ ಪೂರ್ತಿ ಸುಟ್ಟುಹೋಯಿತು, ಸ್ಕಾಟ್ಲೆಂಡಿನದ್ದು ಎಡಿನ್‌ಬರಾದಲ್ಲಿ ಇದ್ದಿದ್ದರಿಂದ ಉಳಿದಿದೆ. ಎಣಿಕೆ ನಡೆದಿದ್ದು 1931ರ ಏಪ್ರಿಲ್ 26ರಂದು, ಅಂದರೆ ಕಿರಿಮಗಳು ಹೊರಟು ಒಂದು ವರ್ಷಕ್ಕೆ. ನೂರು ವರ್ಷದ ಗಡುವು ಮುಗಿದು ಅದು ತೆರೆದರೆ ಟಾಂಗ್ 5ರಲ್ಲಿ ಮಾಲ್ಕಮ್, ಮೇರಿ ಜೊತೆ ಯಾವ ಮಕ್ಕಳು ಉಳಿದಿದ್ದರು ಅನ್ನುವುದು ಅವತ್ತಿನ ಕೈಬರಹದಲ್ಲೇ ಸಿಗುತ್ತದೆ. ಅಷ್ಟರೊಳಗೆ ಯಾರಾದರೂ 1901 ಮತ್ತು 1911ರ ಪುಟ ತೆಗೆದು ಮಕ್ಕಳ ವಯಸ್ಸು ಹೊಂದಿಸಿ ಇಡುವುದಾದರೆ ಹೇಳಿ, 1921ರದ್ದು ನಾನು ನೋಡುತ್ತೇನೆ.

ಕುಂದಾಪುರದಿಂದ

1911ರದ್ದು ನನಗೆ ಬಿಡಿ. ಆ ಎರಡು ಅಂಕಣ ನಾನೇ ಓದಬೇಕು.